ರೀಡಥಾನ್‌ಗೆ ಪುಟದ ಲೆಕ್ಕ ಇಡೋದಾ, ಟೈಮ್ ಲೆಕ್ಕ ಇಡೋದಾ? ನೀವೆಲ್ಲ ಹೇಗೆ ಟ್ರ್ಯಾಕ್ ಮಾಡ್ತೀರ

ಕುವೆಂಪುನಗರದ ಓದುಗಿ:

ಎಲ್ರಿಗೂ ನಮಸ್ಕಾರ. ನಾವೊಂದಷ್ಟು ಜನ ಮೈಸೂರು ಮಂಡ್ಯ ಕಡೆಯವರು ಸೇರ್ಕೊಂಡು ನವೆಂಬರ್ 1ರಿಂದ ಒಂದು ವಾರ ಬರೀ ಕನ್ನಡ ಪುಸ್ತಕಗಳ ರೀಡಥಾನ್ (ಗೊತ್ತು ಮಾಡ್ಕೊಂಡ ಅವಧಿಲಿ ಎಲ್ರೂ ಸೇರಿ ಓದೋದು) ಇಟ್ಕೊಂಡಿದೀವಿ. ರೂಲ್ಸ್ ಜಾಸ್ತಿ ಏನಿಲ್ಲ, ಯಾವ ಪುಸ್ತಕ ಬೇಕಾದ್ರೂ ಓದ್ಬಹುದು, ರಾತ್ರಿ ಮಲಗೋಕೆ ಮುಂಚೆ ಅವತ್ತು ಎಷ್ಟು ಓದಿದ್ವಿ ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕ್ಬೇಕು ಅಷ್ಟೆ. ಆ ಎಷ್ಟು ಅನ್ನೋದ್ರಲ್ಲೇ ನಂಗೆ ತಲೆಬಿಸಿ ಶುರುವಾಗಿರೋದು.

ನನ್ನ ಹತ್ರ ಓದೋಕೆ ಇಟ್ಕೊಂಡಿರೋದು ಹೇಳ್ತೀನಿ. ಒಂದು ದಪ್ಪ ಕಾದಂಬರಿ, ಲೈಬ್ರರಿಯಿಂದ ತಂದಿದ್ದು, ಹಳೇ ಮುದ್ರಣ, ಅಕ್ಷರ ತುಂಬಾ ಸಣ್ಣ, ಸಾಲುಗಳು ಒತ್ತೊತ್ತಾಗಿವೆ, ಅದ್ರಲ್ಲಿ ಕಾಲು ಭಾಗ ಆಗ್ಲೇ ಓದಾಗಿದೆ. ಇನ್ನೊಂದು ವಚನಗಳ ಸಂಗ್ರಹ, ಪುಟಕ್ಕೊಂದು ವಚನ, ಕೆಳಗಡೆ ಅರ್ಧ ಪುಟ ಖಾಲಿ. ಮತ್ತೊಂದು ಪ್ರಬಂಧಗಳ ಪುಸ್ತಕ ಫೋನಲ್ಲಿ ಇ-ಬುಕ್ ಆಗಿದೆ, ಅದು ಪುಟ ತೋರ್ಸಲ್ಲ, ಪರ್ಸೆಂಟ್ ತೋರ್ಸತ್ತೆ. ಇದ್ರ ಜೊತೆಗೆ ಬೆಳಿಗ್ಗೆ ಅಡುಗೆ ಮಾಡ್ತಾ ಇಯರ್‌ಫೋನ್ ಹಾಕ್ಕೊಂಡು ಕಥೆಗಳ ಆಡಿಯೋ ಕೇಳ್ತೀನಿ, ಅದು ನಿಮಿಷದ ಲೆಕ್ಕ. ಈಗ ಪುಟ, ಪರ್ಸೆಂಟು, ನಿಮಿಷ ಈ ಮೂರನ್ನೂ ಒಂದೇ ಕಡೆ ಕೂಡ್ಸೋದು ಹೇಗೆ? ಪುಸ್ತಕಗಳ ಒಂದು ಆ್ಯಪ್ ಹಾಕ್ಕೊಂಡು ನೋಡ್ದೆ, ಅದ್ರಲ್ಲಿ ನನ್ನ ಕಾದಂಬರಿದು ಬೇರೆ ಮುದ್ರಣ ಇದೆ, ಒಟ್ಟು ಪುಟಾನೇ ಹೊಂದ್ತಿಲ್ಲ. ನನ್ನ ಫ್ರೆಂಡ್ ಇದೇ ಕಾದಂಬರಿ ಹೊಸ ಮುದ್ರಣದಲ್ಲಿ ಓದ್ತಿದಾಳೆ, ಅವಳು 180ನೇ ಪುಟ ಅಂದ್ರೆ ಅದು ನನ್ನ ಪುಸ್ತಕದಲ್ಲಿ ಎಲ್ಲಿ ಅಂತ ಗೊತ್ತಾಗಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ ನಂಗೆ. ಪುಟದ ಲೆಕ್ಕ ಹಾಕ್ಬೇಕು ಅಂತ ಆದಾಗಿಂದ ಕಾದಂಬರಿ ಬಿಟ್ಟು ತೆಳ್ಳಗಿರೋ ಪುಸ್ತಕ, ದೊಡ್ಡ ಅಕ್ಷರದ ಪುಸ್ತಕ ಎತ್ಕೊಳ್ಳೋ ಆಸೆ ಬರ್ತಿದೆ, ಯಾಕಂದ್ರೆ ಅದ್ರಲ್ಲಿ ಪುಟ ಬೇಗ ಓಡತ್ತೆ. ಅದು ನಂಗೆ ಬೇಡ. ಗ್ರೂಪಲ್ಲಿ ಯಾರಿಗಿಂತ ಮುಂದೆ ಇದೀನಿ ಅನ್ನೋದು ಬೇಡ್ವೇ ಬೇಡ, ನಾನು ಈ ವಾರ ನಿಜವಾಗ್ಲೂ ಎಷ್ಟು ಓದ್ದೆ, ಯಾವ ಹೊತ್ತಲ್ಲಿ ನಂಗೆ ಚೆನ್ನಾಗಿ ಓದು ಹತ್ತತ್ತೆ, ಆ ಕಾದಂಬರಿ ಮುಗಿಸೋಕೆ ಇನ್ನೂ ಎಷ್ಟು ದಿನ ಬೇಕು, ಇಷ್ಟು ಗೊತ್ತಾಗೋ ಥರ ಒಂದು ಲೆಕ್ಕ ಬೇಕು. ಲೆಕ್ಕ ಬರೆಯೋದೇ ಅರ್ಧ ಗಂಟೆ ಕೆಲಸ ಆಗ್ಬಾರ್ದು. ನೀವು ಹೇಗೆ ಮಾಡ್ತೀರ ಹೇಳಿ.

ಸರಸ್ವತಿಪುರಂ ಕಡೆಯೋನು:

ಮೇಡಂ, ನೀವು ಕೇಳಿರೋದು ತುಂಬಾ ಸರಿಯಾದ ಪ್ರಶ್ನೆ. ನಾನು ಗೂಗಲ್ ಶೀಟ್‌ನಲ್ಲಿ ಇಡ್ತೀನಿ, ಆದ್ರೆ ಕಾಲಂ ಕಮ್ಮಿ ಇಟ್ಕೊಂಡ್ರೇನೇ ಅದು ಉಳಿಯೋದು, ಜಾಸ್ತಿ ಆದ್ರೆ ಎರಡನೇ ದಿನಕ್ಕೆ ಬೇಜಾರಾಗತ್ತೆ. ನನ್ನದ್ರಲ್ಲಿ ತಾರೀಕು, ಪುಸ್ತಕ, ಶುರು ಮಾಡಿದ ಪುಟ, ನಿಲ್ಲಿಸಿದ ಪುಟ, ಎಷ್ಟು ನಿಮಿಷ, ಇಷ್ಟೇ. ಓದಿದ ಪುಟ ಅಂತ ಬೇರೆ ಟೈಪ್ ಮಾಡೋದು ಬೇಡ, ನಿಲ್ಲಿಸಿದ ಪುಟದಿಂದ ಶುರು ಮಾಡಿದ ಪುಟ ಕಳೆದ್ರೆ ಅದೇ ಬರತ್ತೆ. ಶುರು ಪುಟ ಬರ್ದಿಟ್ಕೊಳ್ಳೋದು ಬಹಳ ಮುಖ್ಯ, ಯಾಕಂದ್ರೆ ನೀವು ಕಾಲು ಭಾಗ ಮೊದ್ಲೇ ಓದಿದೀರಲ್ಲ, ಅದು ಈ ವಾರದ ಲೆಕ್ಕಕ್ಕೆ ಬರಬಾರ್ದು. ಓದಿದ ಪುಸ್ತಕಗಳ ಲೆಕ್ಕ ಇಡೋ ಗುಡ್‌ರೀಡ್ಸ್ ಥರದ ಸೈಟ್‌ಗಳ ಕಡೆ ವರ್ಷದ ಚಾಲೆಂಜ್‌ನಲ್ಲಿ ಮುಗಿಸಿದ ಪುಸ್ತಕ ಮಾತ್ರ ಎಣಿಸೋದು, ಮುಗಿಸಿದ ತಾರೀಕಿಗೆ ಪೂರ್ತಿ ಪುಸ್ತಕ ಸೇರತ್ತೆ, ಒಂದು ವಾರದ ರೀಡಥಾನ್‌ಗೆ ಆ ಲೆಕ್ಕ ಉಪಯೋಗ ಇಲ್ಲ. ಅಲ್ಲಿ ಪ್ರೋಗ್ರೆಸ್ ಹಾಕುವಾಗ ಪುಟದ ಬದಲು ಪರ್ಸೆಂಟ್ ಹಾಕೋ ಆಯ್ಕೆ ಇದೆ, ಮುದ್ರಣ ಬೇರೆ ಆದಾಗ ಅದನ್ನ ಬಳಸಿ.

ಹಳೇ ಕನ್ನಡ ಪುಸ್ತಕಗಳ ವಿಷಯಕ್ಕೆ ಬಂದ್ರೆ ಎರಡು ಮಾತು. ಒಂದು, ಪುಟಸಂಖ್ಯೆ ಕನ್ನಡ ಅಂಕಿಯಲ್ಲಿದ್ರೆ ಶೀಟ್‌ನಲ್ಲೂ ಹಾಗೇ ೧೨೪ ಅಂತ ಟೈಪ್ ಮಾಡ್ಬೇಡಿ, ಅದನ್ನ ಅದು ಅಕ್ಷರ ಅಂದ್ಕೊಳ್ಳತ್ತೆ, ಕೂಡೋದೂ ಇಲ್ಲ ಕಳೆಯೋದೂ ಇಲ್ಲ, 124 ಅಂತಾನೇ ಹಾಕಿ. ಎರಡು, ಪುಸ್ತಕದ ಶುರುವಿನಲ್ಲಿ ಹಕ್ಕುಗಳು, ಬೆಲೆ ಎಲ್ಲಾ ಹಾಕಿರೋ ಪುಟ ತೆಗೆದು ನೋಡಿ. ಅಲ್ಲಿ ಪುಟಗಳು 12+348 ಅಂತ ಇರತ್ತೆ, ಡೆಮಿ 1/8 ಅಥವಾ ಕ್ರೌನ್ 1/8 ಅಂತ ಆಕಾರ ಇರತ್ತೆ, ಕಾಗದ ಎಷ್ಟು ಜಿಎಸ್‌ಎಂ (ಚದರ ಮೀಟರ್‌ಗೆ ಎಷ್ಟು ಗ್ರಾಂ ತೂಕ) ಅಂತಾನೂ ಇರತ್ತೆ. ಆ 12 ಅನ್ನೋದು ಮುನ್ನುಡಿ, ಅರಿಕೆ, ಪರಿವಿಡಿ, ಅದಕ್ಕೆ ಬೇರೆ ನಂಬರು. ಆ್ಯಪ್‌ಗಳಲ್ಲಿ ಕೆಲವರು 348 ಅಂತ ಹಾಕಿರ್ತಾರೆ, ಕೆಲವರು ಕೂಡಿಸಿ 360 ಅಂತ ಹಾಕಿರ್ತಾರೆ, ಹೊಂದದೇ ಇರೋದಕ್ಕೆ ಇದೂ ಒಂದು ಕಾರಣ. ಆಕಾರ ನೋಡಿದ್ರೆ ನಿಮ್ಮ ಪುಸ್ತಕಕ್ಕೂ ಫ್ರೆಂಡ್ ಪುಸ್ತಕಕ್ಕೂ ವ್ಯತ್ಯಾಸ ಯಾಕೆ ಅಂತ ಗೊತ್ತಾಗತ್ತೆ, ಡೆಮಿ ಅಂದ್ರೆ ಸುಮಾರು ಐದೂವರೆ ಇಂಚು ಅಗಲ ಎಂಟೂವರೆ ಇಂಚು ಉದ್ದ, ಕ್ರೌನ್ ಅದಕ್ಕಿಂತ ಚಿಕ್ಕದು, ಒಂದೇ ಬರಹ ಕ್ರೌನ್‌ಗೆ ಬಂದ್ರೆ ಪುಟ ಜಾಸ್ತಿ ಆಗ್ಲೇಬೇಕು.

ಪುಟ ಪುಟಕ್ಕೂ ಎಷ್ಟು ವ್ಯತ್ಯಾಸ ಅಂತ ತಿಳ್ಕೊಬೇಕಾದ್ರೆ ಒಂದು ತುಂಬಿದ ಪುಟ ತಗೊಂಡು ಸಾಲು ಎಣಿಸಿ, ನಾಲ್ಕೈದು ಸಾಲಲ್ಲಿ ಪದ ಎಣಿಸಿ ಸರಾಸರಿ ತೆಗೀರಿ, ಗುಣಿಸಿ. ಉದಾಹರಣೆಗೆ ಕಾದಂಬರಿಲಿ 34 ಸಾಲು, ಸಾಲಿಗೆ 8 ಪದ ಅಂದ್ರೆ 272 ಪದ. ವಚನದ ಪುಟದಲ್ಲಿ 12 ಸಾಲು, ಸಾಲಿಗೆ 4 ಪದ ಅಂದ್ರೆ 48. ಅಂದ್ರೆ ಕಾದಂಬರಿಯ ಒಂದು ಪುಟದಲ್ಲಿ ಆ ಸಂಗ್ರಹದ ಐದು ಪುಟಕ್ಕಿಂತ ಜಾಸ್ತಿ ಪದ ಇದೆ. ಇದನ್ನ ಒಂದ್ಸಲ ಮಾಡಿ ನೋಡಿದ್ರೆ ಸಾಕು, ಗ್ರೂಪಲ್ಲಿ ಯಾರೋ 150 ಪುಟ ಅಂದ್ರು ಅಂತ ಕೂತು ಬೇಜಾರಾಗೋದು ನಿಲ್ಲತ್ತೆ.

ನೆಟ್‌ನಲ್ಲಿ ಸಿಗೋ ಓದಿನ ವೇಗದ ನಂಬರ್‌ಗಳ ಜೊತೆ ಮಾತ್ರ ಹೋಲಿಸ್ಕೊಬೇಡಿ. 2019ರಲ್ಲಿ ಮಾರ್ಕ್ ಬ್ರಿಸ್‌ಬರ್ಟ್ ಅನ್ನೋ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ದೊಡ್ಡವರು ಇಂಗ್ಲಿಷನ್ನ ಮನಸ್ಸಲ್ಲೇ ಓದೋ ಸರಾಸರಿ ಕಥೆಯಲ್ಲದ ಬರಹಕ್ಕೆ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಗೆ 260 ಅಂತ ಬಂತು. ಅದು ಇಂಗ್ಲಿಷ್ ಪದದ ಲೆಕ್ಕ. ನಮ್ಮಲ್ಲಿ ಪ್ರತ್ಯಯ, ಸಂಧಿ, ಸಮಾಸ ಎಲ್ಲಾ ಸೇರ್ಕೊಂಡು ಪದ ಉದ್ದ ಆಗೋದ್ರಿಂದ ನಿಮಿಷಕ್ಕೆ ಪದ ಕಮ್ಮಿ ಬರೋದು ಸಹಜ. ನಿಮ್ಮ ವೇಗನ ನಿಮ್ಮ ಅದೇ ಪುಸ್ತಕದ ನಿನ್ನೆಯ ವೇಗದ ಜೊತೆ ಹೋಲಿಸಿ.

ಮಂಡ್ಯ ಪ್ಯಾಸೆಂಜರ್:

ಅಕ್ಕ, ಪುಟದ ಲೆಕ್ಕ ಬುಟ್ಬುಡಿ ಅಂತೀನಿ ನಾನು. ಮೇಲಿನ ಸರ್ ಹೇಳಿರೋದೆಲ್ಲ ಕರೆಕ್ಟಾಗೇ ಐತೆ, ಆದ್ರೆ ನಿಮ್ಮ ನಾಲ್ಕು ಥರ ಓದ್ಗೂ ಒಂದೇ ಅಳತೆ ಸಿಗೋದು ಅಂದ್ರೆ ಅದು ಟೈಮೇ. ಕಾದಂಬ್ರಿಗೂ ನಿಮಿಷ, ವಚನಕ್ಕೂ ನಿಮಿಷ, ಫೋನ್ಗೂ ನಿಮಿಷ, ಆಡಿಯೋಗೂ ನಿಮಿಷ, ರಾತ್ರಿ ಕೂಡ್ಸುದ್ರೆ ಮುಗೀತು. ಸಣ್ಣ ಪುಸ್ತಕ ಎತ್ಕಬೇಕು ಅನ್ನೋ ಆಸೆನೂ ಅಲ್ಲಿಗೇ ಹೋಯ್ತದೆ, ಯಾಕಂದ್ರೆ ದಪ್ಪದ್ ಓದುದ್ರೂ ತೆಳ್ಳಂದ್ ಓದುದ್ರೂ ಅರ್ಧ ಗಂಟೆ ಅರ್ಧ ಗಂಟೆನೇ.

ನಾನು ಮಂಡ್ಯದಿಂದ ಮೈಸೂರ್ಗೆ ಕೆಲಸಕ್ಕೆ ಟ್ರೈನಲ್ಲಿ ಓಡಾಡೋನು, ಸೀಸನ್ ಪಾಸು. ಓದೋದು ಪೂರ್ತಿ ಟ್ರೈನಲ್ಲೇ. ಮಂಡ್ಯ ಬುಟ್ಮೇಲೆ ಯಲಿಯೂರು ದಾಟೋಗಂಟ ಜನ ಹತ್ತೋದು ಇಳಿಯೋದು ಸೀಟು ಸರಿ ಮಾಡ್ಕೊಳೋದು, ಅಷ್ಟೊತ್ತು ಓದು ತಲೆಗೆ ಹತ್ತಕಿಲ್ಲ. ಪಾಂಡವಪುರದಿಂದ ಶ್ರೀರಂಗಪಟ್ಟಣ, ನಾಗನಹಳ್ಳಿಗಂಟ ಚೆನ್ನಾಗಿ ಓದ್ಬೋದು. ಇದು ನಂಗೆ ಗೊತ್ತಾಗಿದ್ದೇ ಟೈಮ್ ಬರೆಯೋಕ್ ಶುರು ಮಾಡ್ಮೇಲೆ. ಈಗ ಸುಲಭದ್ದು, ಪೇಪರ್ ಥರದ್ದು ಮೊದ್ಲಿಗೆ ಓದ್ತೀನಿ, ಗಟ್ಟಿ ಪುಸ್ತಕನ ಪಾಂಡವಪುರ ಆದ್ಮೇಲೆ ತೆಗೀತೀನಿ. ನೀವು ಯಾವ ಹೊತ್ತಲ್ಲಿ ಓದು ಹತ್ತುತ್ತೆ ಅಂತ ಕೇಳುದ್ರಲ್ಲ, ಅದಕ್ಕೆ ನಿಮಿಷದ್ ಜೊತೆ ಬೆಳಿಗ್ಗೆನೋ ಸಂಜೆನೋ ಅಂತ ಒಂದ್ ಅಕ್ಷರ ಬರ್ಕಳಿ, ವಾರ ಆದ್ಮೇಲೆ ತಾನೇ ಕಾಣುಸ್ತದೆ.

ಟೈಮ್ ಹಾಕೋವಾಗ ಒಂದು ನಿಯತ್ತು ಇರ್ಬೇಕು ಅಷ್ಟೆ. ಕಣ್ಣು ಪುಸ್ತಕದ ಮೇಲಿದ್ದಾಗ ಮಾತ್ರ ಟೈಮರ್ ಓಡ್ಬೇಕು. ಯಾರಾದ್ರೂ ಮಾತಾಡ್ಸುದ್ರೆ ನಿಲ್ಸಿ, ಫೋನ್ ಬಂದ್ರೆ ನಿಲ್ಸಿ. ಫೋನಲ್ಲೇ ಓದೋರು ಫ್ಲೈಟ್ ಮೋಡ್ ಹಾಕಿದ್ರೂ ಟೈಮರ್ ಓಡ್ತದೆ, ನೋಟಿಫಿಕೇಷನ್ ಕಾಟ ಇರಕಿಲ್ಲ. ಆಡಿಯೋ ಸ್ಪೀಡ್ ಜಾಸ್ತಿ ಮಾಡ್ಕಂಡು ಕೇಳೋರು ಗಡಿಯಾರದ ಟೈಮೇ ಬರೀರಿ. ಒಂದೂವರೆ ಸ್ಪೀಡಲ್ಲಿ ಒಂದು ಗಂಟೆ ಆಡಿಯೋ 40 ನಿಮಿಷಕ್ಕೆ ಮುಗೀತದೆ, ನೀವು ಕೂತಿದ್ದು 40 ನಿಮಿಷ, ಅದೇ ನಿಮ್ ಲೆಕ್ಕ.

ನಮ್ ಕಡೆ ಕಬ್ಬಿನ ಲಾರಿ ಫ್ಯಾಕ್ಟರಿಗೆ ಹೋದ್ರೆ ತೂಕ ಟನ್ನಲ್ಲಿ ಆಯ್ತದೆ, ಆದ್ರೆ ಸಕ್ಕರೆ ಎಷ್ಟು ಬತ್ತದೆ ಅನ್ನೋದು ರಿಕವರಿ ಮೇಲೆ, ಅದು ಕಬ್ಬಿಂದ ಕಬ್ಗೆ ಬೇರೆ. ಪುಟ ಅನ್ನೋದು ಬರೀ ಟನ್ ಲೆಕ್ಕ ಕಣಕ್ಕ.

ಕುವೆಂಪುನಗರದ ಓದುಗಿ:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಕನ್ನಡ ಅಂಕಿ ವಿಷಯ ನಂಗೆ ಗೊತ್ತೇ ಇರ್ಲಿಲ್ಲ, ನನ್ನ ಕಾದಂಬರಿಲಿ ಪುಟಸಂಖ್ಯೆ ಕನ್ನಡದಲ್ಲೇ ಇದೆ. ಟೈಮ್ ಲೆಕ್ಕ ನಂಗೆ ಇಷ್ಟ ಆಯ್ತು, ಆದ್ರೆ ಒಂದು ಅನುಮಾನ. ವಚನ ಓದೋವಾಗ ಒಂದೇ ವಚನದ ಮೇಲೆ ಹತ್ತು ನಿಮಿಷ ಸುಮ್ನೆ ಕೂತಿರ್ತೀನಿ, ಮತ್ತೆ ಮೇಲಿಂದ ಓದ್ತೀನಿ. ಅದೂ ಓದಿದ ಟೈಮೇ ಅಂತ ಬರೀಬಹುದಾ? ಹಾಗೇ ನನ್ನ ಫ್ರೆಂಡ್ ಮತ್ತೆ ನಾನು ಕಾದಂಬರಿಲಿ ಎಲ್ಲಿದೀವಿ ಅಂತ ಒಬ್ರಿಗೊಬ್ರು ಹೇಳ್ಕೊಳ್ಳೋಕೆ ನಿಮಿಷ ಸಾಲಲ್ವಲ್ಲ.

ಚಾಮರಾಜಪುರಂ ಗಮಕ:

ಖಂಡಿತ ಬರೀಬೇಕಮ್ಮ, ಅದೇ ನಿಜವಾದ ಓದು. ನಾನು ರಿಟೈರ್ ಆದ್ಮೇಲೆ ಗಮಕ (ಕಾವ್ಯನ ರಾಗವಾಗಿ ಓದೋ ಕಲೆ) ಕಲಿಯೋಕೆ ಹೋಗಿ ಈಗ ಮನೇಲಿ ದಿನಾ ಕುಮಾರವ್ಯಾಸ ಭಾರತ ಓದ್ತೀನಿ, ಅದಕ್ಕೆ ಹೇಳ್ತಿದೀನಿ. ಭಾಮಿನಿ ಷಟ್ಪದಿ ಅಂದ್ರೆ ಆರು ಸಾಲು, ಒಂದು ಎರಡು ನಾಲ್ಕು ಐದನೇ ಸಾಲಿಗೆ 14 ಮಾತ್ರೆ (ಉಚ್ಚಾರಕ್ಕೆ ಹಿಡಿಯೋ ಕಾಲದ ಅಳತೆ), ಮೂರು ಮತ್ತೆ ಆರನೇ ಸಾಲಿಗೆ 23, ಒಟ್ಟು 102 ಮಾತ್ರೆ. ಕಣ್ಣಲ್ಲಿ ಓಡಿಸಿಬಿಟ್ರೆ ಅರ್ಧ ನಿಮಿಷ ಸಾಕು. ಆದ್ರೆ ಮೊದ್ಲು ಪದ ಬಿಡಿಸ್ಕೋಬೇಕು, ಎಲ್ಲಿ ಸಂಧಿ ಆಗಿದೆ ನೋಡ್ಬೇಕು, ಅನ್ವಯ ಹಿಡೀಬೇಕು, ಆಮೇಲೆ ಬಾಯಿ ಬಿಟ್ಟು ಓದ್ಬೇಕು, ಆಮೇಲೆ ರಾಗದಲ್ಲಿ. ಒಂದು ಪದ್ಯಕ್ಕೆ ಕಾಲು ಗಂಟೆ ಹಿಡಿದ್ರೂ ಅದ್ರಲ್ಲಿ ಒಂದು ನಿಮಿಷಾನೂ ವ್ಯರ್ಥ ಅಲ್ಲ. ಮಂಡ್ಯದ ಹುಡುಗ ಕಣ್ಣು ಪುಸ್ತಕದ ಮೇಲಿದ್ರೆ ಮಾತ್ರ ಅಂತ ಹೇಳಿದ್ದು ಕಾದಂಬರಿಗೆ ಸರಿ, ಪದ್ಯಕ್ಕೆ ಆ ನಿಯಮ ಸಡಿಲ ಮಾಡ್ಬೇಕು, ಮನಸ್ಸು ಆ ಸಾಲಿನ ಮೇಲೇ ಇದ್ರೆ ಕಣ್ಣು ಕಿಟಕಿ ಕಡೆ ಇದ್ರೂ ಟೈಮರ್ ಓಡ್ಲಿ.

ಇನ್ನು ಗೆಳತಿ ಜೊತೆ ಎಲ್ಲಿದೀರ ಅನ್ನೋ ಪ್ರಶ್ನೆ. ಪುಟ ಅನ್ನೋದು ಪ್ರೆಸ್‌ನವರು ಮಾಡಿದ ಭಾಗ, ಮುದ್ರಣ ಬದಲಾದ್ರೆ ಅದೂ ಬದಲಾಗತ್ತೆ. ಬರೆದವರು ಮಾಡಿದ ಭಾಗ ಬದಲಾಗಲ್ಲ, ಅದ್ರಿಂದ ಗುರುತು ಇಟ್ಕೊಳ್ಳಿ. ಕುಮಾರವ್ಯಾಸನದ್ದು ಹತ್ತು ಪರ್ವ, ಪರ್ವದ ಒಳಗೆ ಸಂಧಿ (ಇಲ್ಲಿ ಅಧ್ಯಾಯ ಅನ್ನೋ ಅರ್ಥ), ಸಂಧಿಯ ಒಳಗೆ ಪದ್ಯ, ಉದ್ಯೋಗಪರ್ವ ಮೂರನೇ ಸಂಧಿ ಹತ್ತನೇ ಪದ್ಯ ಅಂತ ಬರೆದ್ರೆ ಯಾರ ಹತ್ರ ಯಾವ ಪುಸ್ತಕ ಇದ್ರೂ ಅಲ್ಲೇ ಬಂದು ನಿಲ್ಲಬಹುದು, ಹಳೇ ಪ್ರತಿಗಳ ಪಾಠಗಳಲ್ಲಿ ಒಂದೆರಡು ಪದ್ಯ ಆಚೀಚೆ ಇರಬಹುದು ಅಷ್ಟೆ. ಪಂಪಭಾರತ ಓದೋರು 14 ಆಶ್ವಾಸ ಅಂತ ಇಟ್ಕೊಳ್ತಾರೆ, ಅದ್ರಲ್ಲೂ ಪದ್ಯಕ್ಕೆ ನಂಬರಿದೆ, ಮಧ್ಯ ಮಧ್ಯ ವಚನ ಅಂತ ಗದ್ಯ ಬರತ್ತೆ. ನಿಮ್ಮ ಕಾದಂಬರಿಗೆ ಅಧ್ಯಾಯ ಇದ್ದೇ ಇರತ್ತೆ, ಹದಿನೇಳನೇ ಅಧ್ಯಾಯದ ಶುರು ಅಂತ ಗೆಳತಿಗೆ ಹೇಳಿ, ಸಾಕು. ಅಧ್ಯಾಯದ ನಂಬರ್ ಇಲ್ಲದೇ ಬರೀ ಜಾಗ ಬಿಟ್ಟು ಬರೆದಿರೋ ಕಾದಂಬರಿ ಆದ್ರೆ ಅಲ್ಲಿ ನಡೆದ ಘಟನೆ ಒಂದು ಸಾಲಲ್ಲಿ ಬರೀರಿ.

ನಾನು ಒಂದು ಉದ್ದ ನೋಟ್‌ಬುಕ್ಕಲ್ಲಿ ಎಡಗಡೆ ಪದ್ಯದ ಸಂಖ್ಯೆ, ಬಲಗಡೆ ಅವತ್ತು ಅರ್ಥ ಆಗದೇ ಉಳಿದ ಪದ ಬರೀತೀನಿ. ವಾರದ ಕೊನೆಗೆ ನಿಘಂಟು ತೆಗೆದು ಒಂದೊಂದೇ ನೋಡ್ತೀನಿ, ಗೊತ್ತಾದ್ದಕ್ಕೆ ಗೆರೆ ಎಳೀತೀನಿ. ನನ್ನ ಮಟ್ಟಿಗೆ ಓದು ಮುಂದಕ್ಕೆ ಹೋಗಿದೆ ಅಂತ ಗೊತ್ತಾಗೋದು ಆ ಗೆರೆಗಳಿಂದ. ಎರಡನೇ ಸಲ ಓದಿದ್ದಕ್ಕೂ ಇನ್ನೊಂದು ಟಿಕ್ ಹಾಕಿ, ಮತ್ತೆ ಓದಿದ್ದು ಲೆಕ್ಕಕ್ಕಿಲ್ಲ ಅಂತ ಯಾರು ಹೇಳಿದ್ದು?

ರಾತ್ರಿ ಓದು:

ನಾನು 24 ಗಂಟೆ ರೀಡಥಾನ್ ಮಾಡೋನು, ಅದ್ರ ಕಡೆಯಿಂದ ಹೇಳ್ತೀನಿ. ಬ್ಲಾಗ್ ಓದುಗರ ನಡುವೆ ಡ್ಯೂಯಿ ಅನ್ನೋ ಬ್ಲಾಗರ್ ಹೆಸರಿನ 24 ಗಂಟೆ ರೀಡಥಾನ್ ಅಂತ 2007ರಲ್ಲಿ ಶುರುವಾಯ್ತಲ್ಲ, ಜಗತ್ತಿನಲ್ಲಿ ಎಲ್ಲರೂ ಒಂದೇ ಕ್ಷಣಕ್ಕೆ ಶುರು ಮಾಡೋದು, ನಮ್ಮ ಟೈಮಿಗೆ ಅದು ಶನಿವಾರ ಸಂಜೆ ಐದೂವರೆ ಆಗೋದು. ಅಂದ್ರೆ ಅಮೆರಿಕದವರಿಗೆ ಬೆಳಿಗ್ಗೆ ಫ್ರೆಶ್ ಆಗಿ ಶುರು, ನಮಗೆ ದಿನ ಎಲ್ಲಾ ಕೆಲಸ ಮಾಡಿ ಸುಸ್ತಾದ ಮೇಲೆ ಶುರು, ನೇರ ರಾತ್ರಿಗೇ ಹೋಗೋದು. ಆ ಥರ ಓದೋವಾಗ ದಿನಕ್ಕೊಂದ್ಸಲ ಬರೆಯೋ ಲೆಕ್ಕ ಸಾಲಲ್ಲ. ಮೂರು ಗಂಟೆಗೊಮ್ಮೆ ಯಾವ ಪುಟದಲ್ಲಿದೀನಿ ಅಂತ ಬರೀಬೇಕು, ಯಾಕಂದ್ರೆ ಅದು ಮುಂದೇನು ಮಾಡ್ಬೇಕು ಅಂತ ಹೇಳತ್ತೆ. ಹೊತ್ತು ಅಷ್ಟೇ, ಪುಸ್ತಕ ಅದೇ, ಆದ್ರೆ ಪುಟ ಅರ್ಧಕ್ಕೆ ಇಳಿದಿದೆ ಅಂದ್ರೆ ನಿದ್ದೆ ಹತ್ರ ಬಂದಿದೆ, ಇನ್ನು ಕೂತ್ರೆ ಒಂದೇ ಪ್ಯಾರಾ ಮತ್ತೆ ಮತ್ತೆ ಓದೋದು. ಆಗ ಒಂದೋ ಸಣ್ಣ ಕಥೆಗಳ ಪುಸ್ತಕಕ್ಕೆ ಹೋಗ್ಬೇಕು ಇಲ್ಲ ಮಲಗಿಬಿಡ್ಬೇಕು. ನಾನು ಮಲಗೋದೇ ಒಳ್ಳೇದು ಅನ್ನೋ ಪಕ್ಷ. ಬೆಳಿಗ್ಗೆ ಎದ್ದು ಕುಕ್ಕರಹಳ್ಳಿ ಕೆರೆ ಒಂದು ರೌಂಡ್ ಹಾಕಿ ಬಂದು ಕೂತ್ರೆ ಪುಟ ಮತ್ತೆ ಮೊದಲಿನ ಥರ ಓಡತ್ತೆ.

ಅದಕ್ಕೇ ಮಂಡ್ಯದವರು ಹೇಳಿದಂಗೆ ಬರೀ ಟೈಮ್ ಇಟ್ಕೊಂಡ್ರೆ ಸಾಲಲ್ಲ ಅಂತ ನನ್ನ ಅಭಿಪ್ರಾಯ, ನಿದ್ದೆಗಣ್ಣಲ್ಲಿ ಕೂತ ಒಂದು ಗಂಟೆನೂ ಅಲ್ಲಿ ಒಂದು ಗಂಟೆ ಅಂತಾನೇ ಬೀಳತ್ತೆ. ಟೈಮು ಪುಟ ಎರಡೂ ಇದ್ರೇನೇ ನಿಜ ಕಾಣೋದು.

ಮಂಡ್ಯ ಪ್ಯಾಸೆಂಜರ್:

ಅದು ಸರಿನೇ ಅಣ್ಣ, 24 ಗಂಟೆ ಓದೋರಿಗೆ ಎರಡೂ ಬೇಕಾಯ್ತದೆ. ಅಕ್ಕಂದು ವಾರದ್ದು, ಮಧ್ಯದಲ್ಲಿ ಮನೆ ಕೆಲಸ ಆಫೀಸು ಎಲ್ಲಾ ಅದೆ, ಅವ್ರಿಗೆ ಟೈಮ್ ಮೇನ್ ಇರ್ಲಿ, ಪುಟ ಕಾದಂಬ್ರಿಗೆ ಮಾತ್ರ ಇಟ್ಕಳ್ಳಿ ಅಂತೀನಿ.

ಕುವೆಂಪುನಗರದ ಓದುಗಿ:

ಹಾಗೇ ಮಾಡ್ತೀನಿ. ಗ್ರೂಪ್‌ಗೆ ರಾತ್ರಿ ನಿಮಿಷ ಮಾತ್ರ ಹಾಕೋಣ ಅಂತ ಎಲ್ರಿಗೂ ಕೇಳ್ತೀನಿ, ಒಪ್ಕೊಂಡ್ರೆ ಒಳ್ಳೇದು, ಇಲ್ಲಾಂದ್ರೆ ನಾನಂತೂ ನಿಮಿಷಾನೇ ಹಾಕ್ತೀನಿ. ಕಾದಂಬರಿಗೆ ಶುರು ಪುಟ ನಿಲ್ಲಿಸಿದ ಪುಟ, ಫ್ರೆಂಡ್‌ಗೆ ಅಧ್ಯಾಯ, ವಚನಕ್ಕೆ ಗಮಕದವರು ಹೇಳಿದ ಥರ ನೋಟ್‌ಬುಕ್ಕು. ಅರ್ಥ ಆಗದ ಪದ ಬರೆದಿಡೋದು ಈ ವಾರ ಮಾತ್ರ ಅಲ್ಲ, ಮುಂದೆನೂ ಇಟ್ಕೊಬೇಕು ಅನ್ನಿಸ್ತಿದೆ.

ಕೊನೇದಾಗಿ ಇನ್ನೆರಡು ಕೇಳ್ತೀನಿ. ಕಾದಂಬರಿ ವಾರದೊಳಗೆ ಮುಗಿಯತ್ತಾ ಅಂತ ಮೊದ್ಲೇ ಅಂದಾಜು ಮಾಡೋದು ಹೇಗೆ? ಮತ್ತೆ ಅದು ಲೈಬ್ರರಿ ಪುಸ್ತಕ, ಒಳಗೆ ಗುರುತು ಹಾಕೋ ಹಾಗಿಲ್ಲ, ಪ್ರತಿ ಸಲ ಫೋನ್ ತೆಗೆದು ಶೀಟ್ ತುಂಬೋಕೆ ಹೋದ್ರೆ ಅಲ್ಲಿಂದ ವಾಟ್ಸಾಪ್‌ಗೆ ಹೋಗಿಬಿಡ್ತೀನಿ ಅನ್ನೋ ಭಯ.

ಸರಸ್ವತಿಪುರಂ ಕಡೆಯೋನು:

ಅಂದಾಜು ಮಾಡೋದು ಸುಲಭ ಮೇಡಂ. ಮೊದಲೆರಡು ದಿನದ ಪುಟ ಕೂಡಿಸಿ, ನಿಮಿಷ ಕೂಡಿಸಿ, ಗಂಟೆಗೆ ಎಷ್ಟು ಪುಟ ಅಂತ ತೆಗೀರಿ. ಗಂಟೆಗೆ 25 ಪುಟ ಬಂತು, ಇನ್ನೂ 400 ಪುಟ ಬಾಕಿ ಇದೆ ಅಂದ್ರೆ 16 ಗಂಟೆ ಬೇಕು. ಉಳಿದಿರೋದು ಐದು ದಿನ, ಕಾದಂಬರಿಗೆ ದಿನಕ್ಕೆ ಎರಡು ಗಂಟೆ ಸಿಗತ್ತೆ ಅಂದ್ರೆ 10 ಗಂಟೆ ಆಯ್ತು, ಮುಗಿಯಲ್ಲ ಅಂತ ಮೂರನೇ ದಿನಾನೇ ಗೊತ್ತಾಗತ್ತೆ. ಆಗ ಯಾವ ಅಧ್ಯಾಯದವರೆಗೆ ಅಂತ ಗುರಿ ಇಟ್ಕೊಂಡು ನಿಧಾನಕ್ಕೆ ಓದಿ, ಮುಗಿಸ್ಬೇಕು ಅಂತ ಓಡಿಸ್ಬೇಡಿ, ಅಷ್ಟು ದೊಡ್ಡ ಕಾದಂಬರಿಲಿ ಕೊನೆಯ ನೂರು ಪುಟ ಓಡಿಸಿ ಓದಿದ್ರೆ ಅಲ್ಲಿವರೆಗೆ ಓದಿದ್ದಕ್ಕೇ ಅನ್ಯಾಯ.

ಲೈಬ್ರರಿ ಪುಸ್ತಕಕ್ಕೆ ಒಂದು ಬಿಳಿ ಹಾಳೆನ ಉದ್ದಕ್ಕೆ ಮಡಚಿ ಪುಸ್ತಕದ ಗುರುತಿನ ಪಟ್ಟಿ ಥರ ಒಳಗಿಡಿ, ಓದಿ ನಿಲ್ಲಿಸಿದಾಗ ಅದ್ರ ಮೇಲೇ ಪೆನ್ಸಿಲಲ್ಲಿ ಪುಟ ಮತ್ತೆ ನಿಮಿಷ ಬರೀರಿ, ಪೆನ್ ಬೇಡ, ಇಂಕ್ ಪುಸ್ತಕಕ್ಕೆ ಹತ್ತತ್ತೆ. ಟೈಮ್ ನೋಡೋಕೆ ಕೈಗಡಿಯಾರ ಸಾಕು, ಫೋನ್ ಇನ್ನೊಂದು ರೂಮಲ್ಲಿರ್ಲಿ. ರಾತ್ರಿ ಒಂದ್ಸಲ ಆ ಪಟ್ಟಿ ನೋಡ್ಕೊಂಡು ಶೀಟ್‌ಗೆ ಹಾಕಿದ್ರೆ ಎರಡು ನಿಮಿಷದ ಕೆಲಸ. ಪುಸ್ತಕ ವಾಪಸ್ ಕೊಡೋವಾಗ ಪಟ್ಟಿ ತೆಗೆದಿಟ್ಕೊಳ್ಳೋದು ಮರೀಬೇಡಿ, ವಾಪಸ್ ಮಾಡೋ ತಾರೀಕು ನವೆಂಬರ್ 7ಕ್ಕಿಂತ ಮುಂಚೆ ಇದ್ರೆ ಈಗ್ಲೇ ಹೋಗಿ ರಿನ್ಯೂ ಮಾಡ್ಸಿ.